ಟಿ. ಎಸ್. ಸತ್ಯನ್ ಮತ್ತು ನಮ್ಮ ಅಮ್ಮಮ್ಮ

ಹೋದ ಸಲ ಇದೇ ಗೋಡೆ ಪತ್ರಿಕೆಯಲ್ಲಿ ಕೋಟ ಶಿವರಾಮ ಕಾರಂತರ ಬಗ್ಗೆ ಬಂದಿತ್ತು. ಈ ಸಲ ನಾನು ಒಬ್ಬ ಫೋಟೋಗ್ರಾಫರ್ ಬಗ್ಗೆ ಬರೆಯುತ್ತೇನೆ. ಫೋಟೋ ತೆಗೆಯುವವರ ಬಗ್ಗೆ ಬರೆಯುವುದು ಎಂತ ಉಂಟು ಅಂತ ನಮ್ಮ ಬೆಂಚಿನವರು ನಗಾಡಿದರು. ನಗಾಡಲಿ.

ಟಿ. ಎಸ್. ಸತ್ಯನ್ ಅವರು 1923ನೇ ಇಸವಿ ಡಿಸೆಂಬರ್ 18ರಂದು ಮೈಸೂರಿನಲ್ಲಿ ಹುಟ್ಟಿದರು. ಮಹಾರಾಜಾ ಕಾಲೇಜಿನಲ್ಲಿ ಓದಿದರು. ಡೆಕ್ಕನ್ ಹೆರಾಲ್ಡ್, ಇಲ್ಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಗಳಲ್ಲಿ ಕೆಲಸ ಮಾಡಿ, ಆಮೇಲೆ ಸ್ವತಂತ್ರವಾಗಿ ಚಿತ್ರ ತೆಗೆದರು. ಲೈಫ್, ಟೈಮ್ ಎಂಬ ಅಮೆರಿಕದ ಪತ್ರಿಕೆಗಳಲ್ಲೂ ಅವು ಬಂದವು. ದೊಡ್ಡವರ ಚಿತ್ರ ತೆಗೆದರೂ ಅವರಿಗೆ ಇಷ್ಟ ನಮ್ಮಂಥ ಸಾದಾ ಜನ. ಅದರಲ್ಲೂ ಮಕ್ಕಳು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಅದಕ್ಕೆ ಮೊದಲೇ, 1977ರಲ್ಲಿ, ಪದ್ಮಶ್ರೀ ಬಂದಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಿಡುಬಿನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿಡುಬು ಓಡಿಸುವ ಕೆಲಸದ ಚಿತ್ರಗಳನ್ನು ತೆಗೆದರು. ಆಗ ಆರೋಗ್ಯದವರು ಸಿಡುಬು ಬಂದ ಮಗುವಿನ ಚಿತ್ರವಿರುವ ಕಾರ್ಡು ಹಿಡಿದು, ಇಂಥವರು ಯಾರಾದ್ರೂ ಇದ್ದಾರಾ ಅಂತ ಮನೆಮನೆ ಕೇಳುತ್ತಿದ್ದರಂತೆ. ಕವಲು ತುದಿಯ ಸೂಜಿಯಿಂದ ತೋಳಿಗೆ ಚುಚ್ಚುತ್ತಿದ್ದರು. ರೋಗಿಯ ಸುದ್ದಿ ತಂದವರಿಗೆ 1975ರ ಹೊತ್ತಿಗೆ 1000 ರೂಪಾಯಿ ಬಹುಮಾನ ಇತ್ತು. ಅದೇ ವರ್ಷ ನಮ್ಮ ದೇಶದಲ್ಲಿ ಸಿಡುಬು ನಿಂತಿತು.

ನಮ್ಮ ಅಮ್ಮಮ್ಮನಿಗೆ ಆರು ವರ್ಷದಲ್ಲಿ ಸಿಡುಬು ಬಂದಿತ್ತು. ಮುಖ ತುಂಬ ಕಲೆ. ಚಿಕ್ಕಮ್ಮನ ಮದುವೆಯಲ್ಲೂ ಫೋಟೋಕ್ಕೆ ನಿಲ್ಲದೆ ಬಾಗಿಲ ಹಿಂದೆ ಕೂತಿದ್ದರು. ಒಮ್ಮೆ ಸ್ಟುಡಿಯೋಕ್ಕೆ ಹೋದಾಗ, ಕಂಪ್ಯೂಟರಿನಲ್ಲಿ ಕಲೆ ಎಲ್ಲ ಅಳಿಸಿ ಕೊಡುವ ಅಂದರಂತೆ. ಹಾಗಾದ್ರೆ ಅದು ನಾನಲ್ಲ ಅಂತ ಎದ್ದು ಬಂದರು. ನಮ್ಮ ಮನೆಯಲ್ಲಿ ಅವರದ್ದು ಆಧಾರ್ ಕಾರ್ಡಿನ ಫೋಟೋ ಒಂದೇ ಇರುವುದು. ಅದು ಯಾರದ್ದು ಅಂತಲೇ ಗೊತ್ತಾಗುವುದಿಲ್ಲ.

ಟೀಚರ ಮೊಬೈಲಿನಲ್ಲಿ ನಾನು ಅಮ್ಮಮ್ಮನಿಗೆ ಸತ್ಯನ್ ಅವರ ಚಿತ್ರ ತೋರಿಸಿದೆ. ಕಪ್ಪು ಬಿಳುಪು. ಯಾರೂ ಪೌಡರ್ ಹಾಕಿ ನಿಂತವರಲ್ಲ. ಅಮ್ಮಮ್ಮ ಬೀಡಿ ಕಟ್ಟುವುದು ಬಿಟ್ಟು ತುಂಬಾ ಹೊತ್ತು ನೋಡಿದರು. ಇವರು ನಮ್ಮ ಬದಿಗೆ ಬರ್ತಾರಾ ಅಂತ ಕೇಳಿದರು. 2009ರ ಡಿಸೆಂಬರಿನಲ್ಲಿ ತೀರಿಹೋದರು ಅಂತ ಹೇಳಿದೆ. ಸುಮ್ಮನಾದರು.

ಹಾಗಾದ್ರೆ ಮಾವನ ಮೊಬೈಲಿನಲ್ಲಿ ನಾನೇ ತೆಗೆಯಲಾ ಅಂದೆ. ನಾಳೆ ನೋಡುವ ಅಂದರು. ನಾಲ್ಕು ದಿನ ಆಯ್ತು. ದಿನಾ ಕೇಳುತ್ತಾ ಇದ್ದೇನೆ.

– ಏಳನೇ ತರಗತಿ