ಗಣಿತ ವಿದುಷಿ ಏಡಾ ಲವ್ಲೇಸ್

ಆಂಗ್ಲ ಕವಿ ಬೈರನ್ ಪ್ರಭುವಿನ ಪುತ್ರಿಯಾದ ಏಡಾ 1815ನೆಯ ಇಸವಿ ಡಿಸೆಂಬರ್ 10ನೆಯ ತಾರೀಖು ಲಂಡನ್ ನಗರದಲ್ಲಿ ಜನಿಸಿದಳು. ಕೆಲವೇ ವಾರಗಳಲ್ಲಿ ತಾಯ್ತಂದೆಗಳು ಅಗಲಿದರು. ತಂದೆಯು 1816ರಲ್ಲಿ ಸ್ವದೇಶವನ್ನು ಬಿಟ್ಟು, 1824ರಲ್ಲಿ ಗ್ರೀಸ್ ದೇಶದಲ್ಲಿ ಮೃತನಾದನು. ಮಗಳು ಅವನನ್ನು ಮರಳಿ ಕಾಣಲಿಲ್ಲ. ತಂದೆಯ ಚಂಚಲ ಸ್ವಭಾವವು ಈಕೆಗೆ ಬಾರದಿರಲೆಂದು ತಾಯಿಯು ಬಾಲ್ಯದಿಂದಲೇ ಗಣಿತವನ್ನು ಕಲಿಸುವ ಏರ್ಪಾಡು ಮಾಡಿದಳು. 1829ರಲ್ಲಿ ದಡಾರ ತಗಲಿ ಏಡಾ ಬಹುಕಾಲ ಹಾಸಿಗೆ ಹಿಡಿದರೂ ವ್ಯಾಸಂಗವನ್ನು ಬಿಡಲಿಲ್ಲ. ಆಗ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಆದುದರಿಂದ, ನಮ್ಮ ದೇಶದ ಮಧುರೆಯಲ್ಲಿ ಹುಟ್ಟಿದ ಅಗಸ್ಟಸ್ ಡಿ ಮಾರ್ಗನ್ ಎಂಬ ಪಂಡಿತನಿಂದ ಪತ್ರಗಳ ಮೂಲಕ ಉಚ್ಚ ಗಣಿತವನ್ನು ಕಲಿತಳು.

1833ರಲ್ಲಿ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ರೇಷ್ಮೆ ಮಗ್ಗದಲ್ಲಿ ರಂಧ್ರ ಕೊರೆದ ಕಾರ್ಡುಗಳು ನೆಯ್ಗೆಯ ಚಿತ್ತಾರವನ್ನು ನಿಯಮಿಸುವಂತೆ, ಅಂತಹ ಕಾರ್ಡುಗಳಿಂದ ಲೆಕ್ಕಗಳನ್ನು ನಡೆಯಿಸುವ ಯಂತ್ರವನ್ನು ಅವನು ಮುಂದೆ ಯೋಜಿಸಿದನು. ಅಷ್ಟರಲ್ಲಿ 1835ರಲ್ಲಿ ವಿವಾಹವಾಗಿ ಮೂವರು ಮಕ್ಕಳ ತಾಯಿಯಾದ ಏಡಾ, ಈ ಯಂತ್ರದ ವಿಷಯವಾಗಿ ಮೆನಾಬ್ರಿಯಾ ಬರೆದ ಫ್ರೆಂಚ್ ಲೇಖನವನ್ನು ಭಾಷಾಂತರಿಸಿ, ಮೂಲಕ್ಕಿಂತಲೂ ದೀರ್ಘವಾದ ಟಿಪ್ಪಣಿಗಳೊಡನೆ 1843ರಲ್ಲಿ ಪ್ರಕಟಿಸಿದಳು.

ಬರ್ನೂಲಿ ಸಂಖ್ಯೆಗಳನ್ನು ಯಂತ್ರವು ಎಣಿಸುವ ಕ್ರಮವನ್ನು ಕೊನೆಯ ಟಿಪ್ಪಣಿಯಲ್ಲಿ 25 ಹಂತಗಳ ಕೋಷ್ಟಕವಾಗಿ ಬರೆದಳು. ಪ್ರತಿ ಹಂತದಲ್ಲಿಯೂ ಯಾವ ಸ್ಥಾನದಲ್ಲಿ ಯಾವ ಬೆಲೆಯಿರುವುದೆಂಬುದು ಅದರಲ್ಲಿ ಕಾಣುತ್ತಿತ್ತು. ಬ್ಯಾಬೇಜನು ಮಾಡಿಕೊಟ್ಟ ಲೆಕ್ಕದಲ್ಲಿ ದೊಡ್ಡದೊಂದು ತಪ್ಪನ್ನು ಕಂಡುಹಿಡಿದವಳೂ ಆಕೆಯೇ; ಇದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವನು. ಇಷ್ಟಾದರೂ ಅಚ್ಚಾದ ಕೋಷ್ಟಕದ ನಾಲ್ಕನೆಯ ಹಂತದಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿ ಉಳಿದವು. ಯಂತ್ರವು ನಿರ್ಮಾಣವಾಗಲೇ ಇಲ್ಲ. ಆದುದರಿಂದ ಅದನ್ನು ನಡೆಯಿಸಿ ನೋಡುವ ಉಪಾಯವೇ ಇರಲಿಲ್ಲ.

ಇಂದು ಗಣಕಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವವರು ದೋಷವನ್ನು ಹುಡುಕುವಾಗ ಹಂತಹಂತದ ಬೆಲೆಗಳನ್ನು ಹೊರಗೆ ಮುದ್ರಿಸಿ ಪರಿಶೀಲಿಸುತ್ತಾರೆ. ಉತ್ತರವು ಮೊದಲೇ ತಿಳಿದಿರುವ ಲೆಕ್ಕಗಳನ್ನು ಪ್ರತಿ ತಿದ್ದುಪಡಿಯ ತರುವಾಯ ಯಂತ್ರದಿಂದಲೇ ಪುನಃ ಮಾಡಿಸಿ ತಾಳೆ ನೋಡುತ್ತಾರೆ. ಬರ್ನೂಲಿ ಸಂಖ್ಯೆಗಳು ಪಂಡಿತರಿಗೆ ಮೊದಲೇ ಗೊತ್ತಿದ್ದುವಾದ್ದರಿಂದ, ಇಂತಹ ಒಂದೇ ಪರೀಕ್ಷೆಯಿಂದ ಆ ನಾಲ್ಕನೆಯ ಹಂತದ ದೋಷವು ಬಯಲಾಗುತ್ತಿತ್ತು. ಯಂತ್ರವು ತಾನಾಗಿ ಏನನ್ನೂ ಹುಟ್ಟಿಸದೆ ನಾವು ವಿಧಿಸಿದುದನ್ನೇ ನಡೆಯಿಸುವುದೆಂದು ಏಡಾ ತಿಳಿಸಿದ್ದಳು. ನಮ್ಮ ತಪ್ಪನ್ನೂ ಅದು ಅಷ್ಟೇ ವಿಧೇಯತೆಯಿಂದ ನಡೆಯಿಸುವುದು.

1852ನೆಯ ಇಸವಿ ನವೆಂಬರ್ 27ರಂದು, 36ನೆಯ ವಯಸ್ಸಿನಲ್ಲಿ, ಏಡಾ ಕ್ಯಾನ್ಸರ್ ರೋಗದಿಂದ ಮರಣ ಹೊಂದಿದಳು. ಆಕೆಯ ಇಚ್ಛೆಯಂತೆ ತಾನು ಅರಿಯದ ತಂದೆಯ ಬಳಿಯಲ್ಲಿಯೇ ಸಮಾಧಿಯಾಯಿತು. 1980ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಅಂಗೀಕರಿಸಿದ ಗಣಕಭಾಷೆಗೆ ಆಕೆಯ ಹೆಸರನ್ನಿಟ್ಟರು. ನಮ್ಮ ಬಾಲಿಕೆಯರು ಲೆಕ್ಕವನ್ನು ಮುಗಿಸಿ, ತಾಳೆ ನೋಡದೆ ಪುಸ್ತಕವನ್ನು ಮುಚ್ಚುವಾಗ, ಮನೆಯ ಹಿರಿಯರು ಆ ನಾಲ್ಕನೆಯ ಹಂತದ ಕಥೆಯನ್ನು ಅವರಿಗೆ ಹೇಳಬಹುದು.