ಮುಖದ ಗಾಯ, ನೋಟದ ಗಾಯ

ಸುಟ್ಟ ಮೈಗೆ ಚರ್ಮ ಕಸಿ ಮಾಡಬಹುದು. ನೋಡುವವರ ಕಣ್ಣಿಗೆ ಚಿಕಿತ್ಸೆ ಎಲ್ಲಿದೆ? ಈ ಪ್ರಶ್ನೆಯನ್ನೂ ವೈದ್ಯನ ಹೊಣೆಯೆಂದೇ ಬಗೆದವರು ಸರ್ ಆರ್ಚಿಬಾಲ್ಡ್ ಮೆಕಿಂಡೋ.

1900ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಜನಿಸಿದ ಅವರು, ಲಂಡನ್ನಿನಲ್ಲಿ ಬಂಧು ಹೆರಾಲ್ಡ್ ಗಿಲ್ಲೀಸ್ ಅವರಿಂದ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪಳಗಿದರು. 1939ರಲ್ಲಿ ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣದ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆ ಸೇರಿದರು. ಮರುವರ್ಷದ ವಾಯುಸಮರದಲ್ಲಿ, ಹೊತ್ತಿದ ಇಂಧನಕ್ಕೆ ಮುಖ, ಕೈಗಳನ್ನು ಸುಟ್ಟುಕೊಂಡ ಎಳೆಯ ವಿಮಾನ ಚಾಲಕರು ಅಲ್ಲಿಗೆ ಬರತೊಡಗಿದರು.

ಗಾಯಕ್ಕೆ ಟ್ಯಾನಿಕ್ ಆಮ್ಲ ಬಳಿಯುವುದು ಆಗಿನ ರೂಢಿ. ಅದು ಹೆಪ್ಪುಗಟ್ಟಿ ಬೆರಳು, ರೆಪ್ಪೆಗಳನ್ನು ವಿರೂಪಗೊಳಿಸುತ್ತಿತ್ತು. ಸಮುದ್ರಕ್ಕೆ ಬಿದ್ದವರ ಗಾಯಗಳು ಚೆನ್ನಾಗಿ ಮಾಯುವುದನ್ನು ಕಂಡ ಮೆಕಿಂಡೋ ಆಮ್ಲವನ್ನು ಕೈಬಿಟ್ಟು ಉಪ್ಪುನೀರಿನ ಸ್ನಾನ ಮಾಡಿಸಿದರು. ಬಳಿಕ ರೋಗಿಯದೇ ಚರ್ಮದಿಂದ ರೆಪ್ಪೆ, ಮೂಗು, ತುಟಿಗಳನ್ನು ಹಂತಹಂತವಾಗಿ ರೂಪಿಸಿದರು. ಇದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು.

ಅಷ್ಟು ಕಾಲ ಮನಸ್ಸು ಕುಸಿಯದಂತೆ ಕಾಯುವುದು ಹೇಗೆ? ಅವರು ವಾರ್ಡಿನ ಕಟ್ಟುಪಾಡು ಸಡಿಲಿಸಿದರು. ರೋಗಿಗಳ ಸಮವಸ್ತ್ರದ ಬದಲು ಸೇನಾ ಉಡುಪು ತೊಡಲು ಬಿಟ್ಟರು. ಅವರನ್ನು ಪಟ್ಟಣಕ್ಕೆ ಕಳುಹಿಸಿದರು. ದಿಟ್ಟಿಸದೆ ಬರಮಾಡಿಕೊಳ್ಳುವಂತೆ ಊರವರನ್ನು ಒಪ್ಪಿಸಿದರು. ಅದು ದಿಟ್ಟಿಸದ ಊರೆಂದೇ ಹೆಸರಾಯಿತು. ರೋಗಿಗಳು 1941ರಲ್ಲಿ ತಮ್ಮನ್ನೇ ಹಾಸ್ಯ ಮಾಡಿಕೊಂಡು ಕಟ್ಟಿದ ಗಿನಿಪಿಗ್ ಕ್ಲಬ್, ಯುದ್ಧ ಮುಗಿಯುವಾಗ 649 ಸದಸ್ಯರ ಬಳಗವಾಗಿತ್ತು.

ಮೆಕಿಂಡೋ 1960ರಲ್ಲಿ ನಿಧನರಾದರು. ಅವರ ಚಿಕಿತ್ಸೆಯ ಒಂದು ಭಾಗವನ್ನು ವೈದ್ಯಶಾಸ್ತ್ರ ಮುಂದುವರಿಸಿದೆ. ಉಳಿದರ್ಧ ಬೀದಿಯಲ್ಲಿ ನಡೆಯಬೇಕಾದದ್ದು. ಆಸಿಡ್ ದಾಳಿಗೆ, ಅಡುಗೆಮನೆಯ ಬೆಂಕಿಗೆ ಸಿಕ್ಕಿ ಬದುಕುಳಿದವರಿರುವ ನಮ್ಮ ಊರುಗಳಲ್ಲಿ ಅದು ನಮ್ಮದೇ ಹೊಣೆ.