ನೊಬೆಲ್ ಪುರಸ್ಕೃತ ವಿಜ್ಞಾನಿ ಡಾ. ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995): ಸಂಕ್ಷಿಪ್ತ ಜೀವನ ಪರಿಚಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ, ನಕ್ಷತ್ರಗಳ ಅಂತ್ಯದ ಕುರಿತು ಮಹತ್ವದ ಸಂಶೋಧನೆ ಕೈಗೊಂಡ ವಿಜ್ಞಾನಿಯೊಬ್ಬರ ಪರಿಚಯವನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ:
ಶ್ರೀಯುತರು ದಿನಾಂಕ 19-10-1910 ರಂದು ಲಾಹೋರಿನಲ್ಲಿ ಜನಿಸಿದರು. ತಂದೆಯವರು ರೈಲ್ವೆ ಲೆಕ್ಕಪತ್ರ ವಿಭಾಗದ ಅಧಿಕಾರಿಗಳಾಗಿದ್ದರು. ಬೆಂಗಳೂರಿನಲ್ಲಿ ನೆಲೆಸಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ ಸರ್ ಸಿ.ವಿ. ರಾಮನ್ ಅವರು ಇವರ ಚಿಕ್ಕಪ್ಪ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದ ಇವರು, ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ 1930 ರಲ್ಲಿ ಕೇಂಬ್ರಿಡ್ಜ್‌ಗೆ ತೆರಳಿದರು.

ಸಂಶೋಧನೆ:
ಹಡಗಿನ ಪ್ರಯಾಣದಲ್ಲಿಯೇ ಇವರು ಒಂದು ಲೆಕ್ಕಾಚಾರ ಕೈಗೊಂಡರು. ಇಂಧನ ತೀರಿದ ಸೂರ್ಯನಂತಹ ನಕ್ಷತ್ರವು ಕುಗ್ಗಿ ಶ್ವೇತಕುಬ್ಜವಾಗುತ್ತದೆ. ಇದರ ದ್ರವ್ಯರಾಶಿಗೆ ಒಂದು ಗರಿಷ್ಠ ಮಿತಿ ಇದೆಯೆಂದು ಇವರು ಕಂಡುಕೊಂಡರು. ಸೂರ್ಯನ ಸುಮಾರು 1.4 ಪಟ್ಟು ಇರುವ ಈ ಮಿತಿಗೆ ಚಂದ್ರಶೇಖರ್ ಮಿತಿ ಎಂದು ಹೆಸರು.

1935 ರ ಜನವರಿಯಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಇದನ್ನು ಮಂಡಿಸಿದಾಗ, ಖ್ಯಾತ ವಿಜ್ಞಾನಿ ಎಡಿಂಗ್ಟನ್ ಅವರು ಬಹಿರಂಗವಾಗಿ ಅಲ್ಲಗಳೆದರು. ಆಗ ಚಂದ್ರಶೇಖರ್ ಅವರ ವಯಸ್ಸು 24. ಸಭೆಯಲ್ಲಿ ಇವರ ಪರವಾಗಿ ಯಾರೂ ಮಾತನಾಡಲಿಲ್ಲ. ಆದಾಗ್ಯೂ ಇವರು ತಮ್ಮ ಲೆಕ್ಕವನ್ನು ಹಿಂಪಡೆಯಲಿಲ್ಲ. ಅದನ್ನು ಗ್ರಂಥರೂಪದಲ್ಲಿ ದಾಖಲಿಸಿ, ಬೇರೆ ವಿಷಯಗಳ ಅಧ್ಯಯನದಲ್ಲಿ ತೊಡಗಿದರು. 1937 ರಿಂದ ಜೀವಿತಾವಧಿಯವರೆಗೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದರು.

ಜೋಡಿ ನಕ್ಷತ್ರಗಳು ಮತ್ತು ಸೂಪರ್‌ನೋವಾ:
ಒಂಟಿ ಶ್ವೇತಕುಬ್ಜವು ನಿಧಾನವಾಗಿ ತಣ್ಣಗಾಗುತ್ತದೆ. ಆದರೆ ಅದು ಜೋಡಿ ನಕ್ಷತ್ರಗಳಲ್ಲಿ ಒಂದಾಗಿದ್ದು, ಸಂಗಾತಿಯು ಅತಿ ಸಮೀಪದಲ್ಲಿದ್ದರೆ, ಅದರಿಂದ ಅನಿಲವನ್ನು ಸೆಳೆದುಕೊಳ್ಳುತ್ತದೆ. ದ್ರವ್ಯರಾಶಿಯು ಮೇಲ್ಕಂಡ ಮಿತಿಯನ್ನು ಸಮೀಪಿಸಿದಾಗ ಒಡಲಿನ ಇಂಗಾಲವು ಹೊತ್ತಿಕೊಂಡು, ಕೆಲವೇ ಸೆಕೆಂಡುಗಳಲ್ಲಿ ಇಡೀ ನಕ್ಷತ್ರವು ಸಿಡಿಯುತ್ತದೆ. ಎರಡು ಶ್ವೇತಕುಬ್ಜಗಳು ಒಂದರೊಡನೊಂದು ಸೇರಿದಾಗಲೂ ಇಂತಹ ಸ್ಫೋಟ ಸಂಭವಿಸಬಹುದು. ವಿಶ್ವದಲ್ಲಿರುವ ಕಬ್ಬಿಣದ ಹೆಚ್ಚಿನ ಪಾಲು ಈ ಬಗೆಯ ಸ್ಫೋಟಗಳಿಂದಲೇ ಉಂಟಾಗಿದೆ. ನಮ್ಮ ಭಾಗದ ಶಹಾಬಾದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಸಹ ಸೂರ್ಯನ ಜನನಕ್ಕೂ ಮುನ್ನ ನಕ್ಷತ್ರಗಳ ಒಡಲಿನಲ್ಲಿ ಹಾಗೂ ಸ್ಫೋಟಗಳಲ್ಲಿ ರೂಪುಗೊಂಡದ್ದಾಗಿದೆ.

ಚಳಿಗಾಲದ ರಾತ್ರಿ ಅತ್ಯಂತ ಪ್ರಕಾಶಮಾನವಾಗಿ ಕಾಣುವ ಲುಬ್ಧಕ ನಕ್ಷತ್ರಕ್ಕೂ ಒಂದು ಶ್ವೇತಕುಬ್ಜ ಜೊತೆಗಾರನಿದೆ. ಅವೆರಡರ ನಡುವೆ ಸಾಕಷ್ಟು ಅಂತರವಿರುವುದರಿಂದ ಈಗ ಅನಿಲದ ಸೆಳೆತ ಉಂಟಾಗುತ್ತಿಲ್ಲ.

ಗೌರವ:
ಲಂಡನ್ ಸಭೆ ನಡೆದ 48 ವರ್ಷಗಳ ತರುವಾಯ, 1983 ರಲ್ಲಿ, ಇವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಲಭಿಸಿತು. ದಿನಾಂಕ 21-08-1995 ರಂದು ಶಿಕಾಗೋದಲ್ಲಿ ನಿಧನರಾದರು. 1999 ರಲ್ಲಿ ಉಡಾವಣೆಗೊಂಡ ಚಂದ್ರ ಕ್ಷ-ಕಿರಣ ದೂರದರ್ಶಕಕ್ಕೆ ಇವರ ಹೆಸರನ್ನೇ ಇಡಲಾಗಿದೆ.

ಸಾರ್ವಜನಿಕರು ಹಾಗೂ ವಿದ್ಯಾರ್ಥಿಗಳು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.